ಪಟ್ಟಿಯ ವಿರುದ್ಧ ಹೋರಾಡಿದವರು: ಗುನ್ನಾರ್ ಸೋನ್‌ಸ್ಟೆಬಿ ಬದುಕಿನ ಅಧ್ಯಯನ ಟಿಪ್ಪಣಿ

ಹೋದ ವಾರ ಎರಡನೇ ಮಹಾಯುದ್ಧದ ಪಾಠ ಓದುವಾಗ ನಮ್ಮ ಗುಂಪಿನಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಿದರು. "ನಾಜಿಗಳ ವಿರುದ್ಧ ಭೂಗತರಾಗಿ ಹೋರಾಡಿದವರು ಯುದ್ಧ ಮುಗಿದ ಮೇಲೆ ಏನು ಮಾಡಿದರು? ಎಲ್ಲರೂ ಮಂತ್ರಿಗಳಾದರಾ?" ಆಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಇಂಥವರ ಕತೆ 1945ಕ್ಕೇ ನಿಂತುಹೋಗುತ್ತದೆ. ಆ ವರ್ಷ ಅವರಲ್ಲಿ ಎಷ್ಟೋ ಜನರಿಗೆ ಮೂವತ್ತೂ ತುಂಬಿರಲಿಲ್ಲ. ಇಡೀ ಬದುಕು ಇನ್ನೂ ಮುಂದಿತ್ತು.

ಅದಕ್ಕೇ ಈ ಟಿಪ್ಪಣಿಗೆ ನಾರ್ವೆಯ ಗುನ್ನಾರ್ ಸೋನ್‌ಸ್ಟೆಬಿ ಅವರನ್ನು ಆರಿಸಿಕೊಂಡೆ. ನಾರ್ವೆಯಲ್ಲಿ ಅವರಷ್ಟು ದೊಡ್ಡ ಯುದ್ಧಗೌರವ ಪಡೆದವರು ಬೇರೆ ಯಾರೂ ಇಲ್ಲ. ಯುದ್ಧ ಮುಗಿದಾಗ ಅವರಿಗೆ 27 ವರ್ಷ. ಆಮೇಲೆ ಅವರು ಅಮೆರಿಕಕ್ಕೆ ಹೋಗಿ ವ್ಯಾಪಾರದ ಓದು ಓದಿದರು, ತೈಲ ಉದ್ಯಮದಲ್ಲಿ ಕೆಲಸ ಮಾಡಿದರು, ಊರಿಗೆ ಬಂದು ಖಾಸಗಿ ಕಂಪನಿಗಳಲ್ಲೇ ದುಡಿದರು.

ಓದುತ್ತಾ ಹೋದಂತೆ ನನ್ನ ಗಮನ ಹಿಡಿದಿಟ್ಟ ವಿಷಯ ಬೇರೆಯೇ ಒಂದಿತ್ತು. ಸೋನ್‌ಸ್ಟೆಬಿ ಮಾಡಿದ ದೊಡ್ಡ ಕೆಲಸಗಳನ್ನು ಸಾಲಾಗಿ ಬರೆದು ನೋಡಿ. ನೋಟು ಅಚ್ಚು ಹಾಕುವ ಫಲಕ, ಯುವಕರ ಹೆಸರಿರುವ ದಾಖಲೆ, ರೇಷನ್ ಕಾರ್ಡು, ಸುಳ್ಳು ಗುರುತಿನ ಚೀಟಿ, ಸರ್ಕಾರಿ ಕಡತ. ಬಹುಪಾಲು ಕಾಗದವೇ. ಬಂದೂಕು ಬಾಂಬು ಇದ್ದವು, ನಿಜ. ಆದರೆ ಅವನ್ನು ಎಷ್ಟೋ ಸಲ ಬಳಸಿದ್ದು ಒಂದು ಕಾಗದವನ್ನು ಸುಡೋಕೆ, ಇಲ್ಲ ಕದಿಯೋಕೆ. ಇದನ್ನು ಹಿಡಿದುಕೊಂಡರೆ ಅವರ ಬದುಕಿನ ಎರಡು ಅರ್ಧಗಳೂ ಚೆನ್ನಾಗಿ ಅರ್ಥವಾಗುತ್ತವೆ ಅಂತ ನನಗನ್ನಿಸುತ್ತದೆ.

ಬಿಸಿಲಿಲ್ಲದ ಊರು

ಸೋನ್‌ಸ್ಟೆಬಿ ಹುಟ್ಟಿದ್ದು 1918ರ ಜನವರಿ 11ರಂದು, ಟೆಲೆಮಾರ್ಕ್ ಪ್ರಾಂತ್ಯದ ರ್ಯೂಕಾನ್ ಎಂಬ ಊರಲ್ಲಿ. ಈ ಊರು ಎರಡು ಕಡೆ ಎದ್ದುನಿಂತ ಬೆಟ್ಟಗಳ ನಡುವಿನ ಕಿರಿದಾದ ಕಣಿವೆಯಲ್ಲಿದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಊರ ತಳಕ್ಕೆ ಸೂರ್ಯನ ಬಿಸಿಲೇ ಬೀಳುವುದಿಲ್ಲ. ಜನ ಚಳಿಗಾಲದಲ್ಲಿ ಸ್ವಲ್ಪ ಬಿಸಿಲಾದರೂ ಕಾಣಲಿ ಅಂತ 1928ರಲ್ಲಿ ಅಲ್ಲಿನ ನೋರ್ಸ್ಕ್ ಹೈಡ್ರೋ ಕಂಪನಿ ಬೆಟ್ಟದ ಮೇಲಕ್ಕೆ ಒಂದು ತೂಗುಬಂಡಿ ಹಾಕಿಸಿಕೊಟ್ಟಿತು. 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಊರ ಚೌಕಕ್ಕೆ ಬಿಸಿಲು ತಿರುಗಿಸಿದರು. ಅದು ನಮ್ಮ ವಿಷಯಕ್ಕೆ ನೇರವಾಗಿ ಬೇಕಿಲ್ಲ, ಆದರೂ ಬರೆಯದೆ ಇರಲಾಗಲಿಲ್ಲ.

ಬೇಕಾದ ವಿಷಯ ಇದು: ರ್ಯೂಕಾನ್ ಒಂದು ಕಾರ್ಖಾನೆ ಊರು. ಜಲಪಾತದ ನೀರಿಂದ ವಿದ್ಯುತ್, ಆ ವಿದ್ಯುತ್ತಿಂದ ಗೊಬ್ಬರ. ಪಕ್ಕದ ವೆಮೋರ್ಕ್ ಘಟಕದಲ್ಲಿ ಭಾರಜಲ ತಯಾರಾಗುತ್ತಿತ್ತು. ಅದು ಜರ್ಮನಿಯ ಅಣು ಸಂಶೋಧನೆಗೆ ಬೇಕಾದ ಸರಕು ಅನ್ನುವ ಕಾರಣಕ್ಕೆ 1943ರ ಫೆಬ್ರುವರಿಯಲ್ಲಿ ನಾರ್ವೆಯ ಕಮಾಂಡೊಗಳು ಅಲ್ಲಿ ನುಗ್ಗಿ ಸ್ಫೋಟಿಸಿದರು. ಪರೀಕ್ಷೆಯಲ್ಲಿ ಜಾಸ್ತಿ ಕೇಳೋದು ಆ ಘಟನೆಯನ್ನೇ. ಸೋನ್‌ಸ್ಟೆಬಿ ಆ ತಂಡದಲ್ಲಿ ಇರಲಿಲ್ಲ. ಊರು ಒಂದೇ ಆದ್ದರಿಂದ ಗೊಂದಲ ಮಾಡಿಕೊಳ್ಳಬೇಡಿ.

1940ರ ಏಪ್ರಿಲ್ 9

ಈ ದಿನಾಂಕ ಬಾಯಿಪಾಠ ಆಗಲೇಬೇಕು. ಅವತ್ತು ನಸುಕಿನಲ್ಲಿ ನಾರ್ವೆಯನ್ನು ಆಕ್ರಮಿಸಲು ಜರ್ಮನ್ ಹಡಗುಗಳು ರಾಜಧಾನಿ ಓಸ್ಲೋ ಕಡೆ ಬಂದವು. ಮುಂದಿದ್ದ ಬ್ಲೂಶರ್ ಎಂಬ ಯುದ್ಧನೌಕೆಯನ್ನು ಓಸ್ಕಾರ್ಸ್‌ಬೋರ್ಗ್ ಕೋಟೆಯ ಹಳೇ ಫಿರಂಗಿಗಳು ಮತ್ತು ಟಾರ್ಪೆಡೊಗಳು ಮುಳುಗಿಸಿದವು. ಇದರಿಂದ ಓಸ್ಲೋ ಉಳಿಯಲಿಲ್ಲ, ಆದರೆ ಕೆಲವು ಗಂಟೆಗಳು ಸಿಕ್ಕಿದವು. ಆ ಹೊತ್ತಿನಲ್ಲಿ ರಾಜ ಏಳನೇ ಹೋಕನ್, ಸರ್ಕಾರ, ಸಂಸತ್ತು ಎಲ್ಲ ರೈಲು ಹತ್ತಿ ಹೊರಟವು. ನಾರ್ವೆ ಬ್ಯಾಂಕಿನ ಸುಮಾರು 50 ಟನ್ ಚಿನ್ನವನ್ನು ಲಾರಿಗಳಲ್ಲಿ ತುಂಬಿಸಿ ಹೊರಗೆ ಸಾಗಿಸಿದರು. ಚಿನ್ನ ಹೋಯಿತು, ನೋಟು ಅಚ್ಚು ಹಾಕುವ ಫಲಕಗಳು ಬ್ಯಾಂಕಿನಲ್ಲೇ ಉಳಿದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅದೇ ಸಂಜೆ ನಾರ್ವೆಯ ನಾಜಿ ಪಕ್ಷದ ನಾಯಕ ವಿಡ್ಕುನ್ ಕ್ವಿಸ್ಲಿಂಗ್ ರೇಡಿಯೊದಲ್ಲಿ "ಇನ್ನು ನಾನೇ ಪ್ರಧಾನಿ" ಅಂತ ಘೋಷಿಸಿಕೊಂಡ. ರಾಜ ಒಪ್ಪಲಿಲ್ಲ. ಜೂನ್ 7ರಂದು ರಾಜ ಮತ್ತು ಸರ್ಕಾರ ಬ್ರಿಟನ್ನಿಗೆ ಹೊರಟು ಲಂಡನ್ನಿನಿಂದ ಕೆಲಸ ನಡೆಸಿದರು. ನಾರ್ವೆಯನ್ನು ಆಳಲು ಹಿಟ್ಲರ್ ಕಳಿಸಿದ್ದು ಯೋಸೆಫ್ ಟೆರ್ಬೋವೆನ್ ಎಂಬಾತನನ್ನು. ಕ್ವಿಸ್ಲಿಂಗ್‌ಗೆ 1942ರ ಫೆಬ್ರುವರಿಯಲ್ಲಿ ಟೆರ್ಬೋವೆನ್ ಕೈಕೆಳಗೆ ಸರ್ಕಾರ ನಡೆಸುವ ಪದವಿ ಸಿಕ್ಕಿತು. ಅವನ ಹೆಸರು ಇಂಗ್ಲಿಷಿನಲ್ಲಿ ದೇಶದ್ರೋಹಿ ಅನ್ನುವುದಕ್ಕೇ ಒಂದು ಪದವಾಗಿ ಉಳಿದಿದೆ.

ಸೋನ್‌ಸ್ಟೆಬಿಗೆ ಆಗ 22 ವರ್ಷ, ಓಸ್ಲೋದಲ್ಲಿದ್ದರು. ಜರ್ಮನ್ ಸೈನಿಕರು ಊರೊಳಗೆ ನಡೆದು ಬಂದಿದ್ದನ್ನು ಕಂಡರು. ಮೊದಲು ನಗರದ ಉತ್ತರದ ಕಾಡುಗಳಲ್ಲಿ ಹಿಮಜಾರು ಪಡೆಯೊಂದಿಗೆ ಸೇರಿ ಹೋರಾಡಿದರು. ಜೂನ್ ಹೊತ್ತಿಗೆ ಬಹಿರಂಗ ಯುದ್ಧ ಮುಗಿಯಿತು. ಆಮೇಲೆ ಉಳಿದದ್ದು ಗುಟ್ಟಿನ ದಾರಿ: ಮೊದಲು ಕದ್ದುಮುಚ್ಚಿ ಹಂಚುವ ಪತ್ರಿಕೆ, ಅಲ್ಲಿಂದ ಭೂಗತ ಸೇನೆ.

ಇಲ್ಲಿ ಒಂದು ಸಣ್ಣ ವಸ್ತು ನೋಡೋಣ. ಪೇಪರ್ ಕ್ಲಿಪ್. ನಾವು ನೋಟ್ಸಿನ ಹಾಳೆಗಳಿಗೆ ಸಿಕ್ಕಿಸುತ್ತೀವಲ್ಲ, ಅದೇ. ಆಕ್ರಮಣ ಆದ ವರ್ಷವೇ ಓಸ್ಲೋದ ವಿದ್ಯಾರ್ಥಿಗಳು ಅದನ್ನು ಕೋಟಿನ ಕಾಲರಿಗೆ ಸಿಕ್ಕಿಸಿಕೊಂಡು ತಿರುಗಲು ಶುರುಮಾಡಿದರು. ಅರ್ಥ ಇಷ್ಟೇ: ನಾವೆಲ್ಲ ಒಟ್ಟಿಗೆ ಇದ್ದೇವೆ. ಆಳುವವರಿಗೆ ಇದರ ಅರ್ಥ ತಿಳಿದ ಮೇಲೆ ಅದನ್ನೂ ನಿಷೇಧಿಸಿದರು. ಬಾಗಿಸಿದ ಒಂದು ತಂತಿ ತುಂಡಿಗೆ ಶಿಕ್ಷೆ! ಆಕ್ರಮಣ ಅಂದರೆ ದಿನದ ಬದುಕಿನಲ್ಲಿ ಹೇಗಿತ್ತು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಹೆಸರುಗಳ ಗೊಂದಲ

ಇಲ್ಲಿ ಎಲ್ಲರೂ ತಪ್ಪುತ್ತಾರೆ, ನಾನೂ ತಪ್ಪಿದ್ದೆ. ನಾಲ್ಕು ಹೆಸರು ಬರುತ್ತವೆ. ಮಿಲೋರ್ಗ್ ಅನ್ನುವುದು ನಾರ್ವೆಯ ಒಳಗೇ ಬೆಳೆದ ಭೂಗತ ಸೈನಿಕ ಸಂಘಟನೆ. ಎಸ್‌ಒಇ ಅನ್ನುವುದು ಬ್ರಿಟನ್ 1940ರಲ್ಲಿ ಕಟ್ಟಿದ ಗುಟ್ಟಿನ ಸಂಸ್ಥೆ. ಶತ್ರು ಹಿಡಿದ ದೇಶಗಳಿಗೆ ಏಜೆಂಟರನ್ನು ಕಳಿಸಿ ವಿಧ್ವಂಸಕ ಕೆಲಸ ಮಾಡಿಸುವುದು ಅದರ ಉದ್ದೇಶ. ಆ ಸಂಸ್ಥೆಯ ಕೆಳಗೆ ಸ್ಕಾಟ್ಲೆಂಡಿನಲ್ಲಿ ತರಬೇತಿ ಪಡೆದ ನಾರ್ವೆಯವರ ಪಡೆಗೆ ಕೊಂಪನಿ ಲಿಂಗೆ ಅಂತ ಹೆಸರು. ಅದರ ನಾಯಕ ಮಾರ್ಟಿನ್ ಲಿಂಗೆ 1941ರ ಡಿಸೆಂಬರಿನಲ್ಲಿ ಮೊಲೋಯ್ ದಾಳಿಯಲ್ಲಿ ಸತ್ತರು. ನಾಲ್ಕನೆಯದು ಓಸ್ಲೋ ಗ್ಯಾಂಗ್. ಅದು ರಾಜಧಾನಿಯಲ್ಲಿ ಕೆಲಸ ಮಾಡಿದ ಸಣ್ಣ ಗುಂಪು, ಸದಸ್ಯರಲ್ಲಿ ಹೆಚ್ಚಿನವರು ಕೊಂಪನಿ ಲಿಂಗೆಯವರೇ. 1944ರಲ್ಲಿ ಅದರ ನಾಯಕ ಸೋನ್‌ಸ್ಟೆಬಿ.

ಎಸ್‌ಒಇ ಹೆಸರು ಬಂದಿದ್ದಕ್ಕೆ ಒಂದು ಮಾತು. ನಮಗೆಲ್ಲ ಗೊತ್ತಿರುವ ನೂರ್ ಇನಾಯತ್ ಖಾನ್ ಇದೇ ಸಂಸ್ಥೆಯ ಏಜೆಂಟ್. ಅವರ ತಂದೆಯ ಕಡೆಯಿಂದ ಮೈಸೂರಿನ ಟಿಪ್ಪು ಸುಲ್ತಾನರ ವಂಶದ ನಂಟು ಇದೆ. 1943ರಲ್ಲಿ ಪ್ಯಾರಿಸಿಗೆ ಹೋಗಿ ವೈರ್‌ಲೆಸ್ ನಡೆಸಿದರು, ಸಿಕ್ಕಿಬಿದ್ದರು, 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಅವರನ್ನು ಕೊಂದರು. ಸೋನ್‌ಸ್ಟೆಬಿ ಉಳಿದರು, ನೂರ್ ಉಳಿಯಲಿಲ್ಲ. ಇಬ್ಬರೂ ಮಾಡಿದ್ದು ಒಂದೇ ಸಂಸ್ಥೆಯ ಕೆಲಸ. ಇದು ಓದುವಾಗ ಮನಸ್ಸು ಭಾರವಾಗುತ್ತದೆ.

ನಂಬರ್ 24

ಎಸ್‌ಒಇಯಲ್ಲಿ ಸೋನ್‌ಸ್ಟೆಬಿ ಏಜೆಂಟ್ ನಂಬರ್ 24. ಗೆಳೆಯರ ನಡುವೆ ಅವರಿಗೆ ಶಾಕನ್ ಅಂತ ಅಡ್ಡಹೆಸರು. ದವಡೆ, ಗದ್ದ ಅನ್ನುವ ಅರ್ಥದ ಮಾತು ಅದು. ಗದ್ದ ಎದ್ದು ಕಾಣುತ್ತಿತ್ತು ಅಂತ ಆ ಹೆಸರು. ಭೂಗತ ಹೋರಾಟಗಾರನಿಗೆ ಎದ್ದು ಕಾಣುವ ಗುರುತು ಅಂದರೆ ಅಪಾಯವೇ ಅಲ್ವಾ? ಆದರೂ ಐದು ವರ್ಷ ಅವರು ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಕೈಗೆ ಸಿಗಲಿಲ್ಲ.

ಹೇಗೆ? ಅವರು 30ರಿಂದ 40 ಹೆಸರುಗಳಲ್ಲಿ ಓಡಾಡಿದರು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸುಮ್ನೆ ಹೆಸರು ಬದಲಿಸಿ ಹೇಳಿದರೆ ಸಾಕಾಗುವುದಿಲ್ಲ. ಒಂದೊಂದು ಹೆಸರಿಗೂ ಒಂದು ಗುರುತಿನ ಚೀಟಿ ಬೇಕು, ಒಂದು ಉದ್ಯೋಗ ಬೇಕು, ಒಂದು ವಿಳಾಸ ಬೇಕು. ದಾರಿಯಲ್ಲಿ ತಡೆದು "ಎಲ್ಲಿ ಕೆಲಸ? ಎಲ್ಲಿ ಮನೆ?" ಅಂತ ಕೇಳಿದರೆ ತಡವರಿಸದೆ ಹೇಳಬೇಕು. ನಿನ್ನೆ ಹೇಳಿದ ಸುಳ್ಳಿಗೂ ಇವತ್ತಿನ ಸುಳ್ಳಿಗೂ ತಾಳ ತಪ್ಪಬಾರದು. ಒಂದು ಬೀದಿಯಲ್ಲಿ ಒಂದು ಹೆಸರು, ಎರಡು ಬೀದಿ ಆಚೆ ಇನ್ನೊಂದು. ಇದಕ್ಕೆ ಧೈರ್ಯದ ಜೊತೆಗೆ ಲೆಕ್ಕ ಬರೆಯುವವರ ಶಿಸ್ತು ಬೇಕು. ಯುದ್ಧ ಮುಗಿಯುವ ಹೊತ್ತಿಗೆ ಮಾತ್ರ ಜರ್ಮನ್ನರಿಗೆ ಅವರ ನಿಜ ಹೆಸರು ತಿಳಿಯಿತು. ಮಗ ಸಿಗಲಿಲ್ಲ ಅಂತ ಅವರ ತಂದೆಯನ್ನು ಬಂಧಿಸಿದರು. ಮಗ ಶರಣಾಗಲಿಲ್ಲ. ಅದೆಂಥ ಸಂಕಟ ಆಗಿರಬೇಕು, ನಾವೇ ಊಹಿಸಿಕೊಳ್ಳಬೇಕು.

ಅವರ ವಾಹನ ಸೈಕಲ್ಲು. ಓಸ್ಲೋ ತುಂಬಾ ಸೈಕಲ್ಲಿನಲ್ಲೇ ಓಡಾಟ. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಬರ, ಕಾರು ಓಡಿಸುವವನ ಮೇಲೆ ಎಲ್ಲರ ಕಣ್ಣು. ಸೈಕಲ್ಲು ತುಳಿಯುವ ಹುಡುಗನನ್ನು ಯಾರು ನೋಡುತ್ತಾರೆ?

ಈಗ ಬ್ಯಾಂಕಿನ ಫಲಕಗಳಿಗೆ ಬರೋಣ. ನಾರ್ವೆ ಬ್ಯಾಂಕಿನಿಂದ ಕ್ರೋನರ್ ನೋಟು ಮುದ್ರಿಸುವ ಫಲಕಗಳನ್ನು ಹೊರಗೆ ತೆಗೆದು ಗುಟ್ಟಾಗಿ ದೇಶದಾಚೆ ದಾಟಿಸುವ ಕೆಲಸ ಸೋನ್‌ಸ್ಟೆಬಿ ಪಾಲಿಗೆ ಬಂತು. ಅದನ್ನು ಮಾಡಿ ಮುಗಿಸಿದರು. ಆಮೇಲೆ ಪೂರ್ವ ನಾರ್ವೆಯ ಎಸ್‌ಒಇ ಏಜೆಂಟರಿಗೆಲ್ಲ ಅವರೇ ಸಂಪರ್ಕದ ಕೊಂಡಿ. 1943ರಲ್ಲಿ ಬ್ರಿಟನ್ನಿಗೆ ಹೋಗಿ ವಿಧ್ವಂಸಕ ಕೆಲಸದ ತರಬೇತಿ ಪಡೆದು ವಾಪಸ್ ಬಂದರು.

ಪಟ್ಟಿ ಏನು ಮಾಡಬಲ್ಲದು: 1942

ಸೋನ್‌ಸ್ಟೆಬಿ ಕೆಲಸದ ತೂಕ ತಿಳಿಯಬೇಕಾದರೆ ಅವರಿಲ್ಲದ ಒಂದು ಘಟನೆಯನ್ನು ಮೊದಲು ಓದಬೇಕು. 1942ರ ಆರಂಭದಲ್ಲಿ ನಾರ್ವೆಯ ಯಹೂದಿಗಳ ಗುರುತಿನ ಚೀಟಿಯ ಮೇಲೆ ಕೆಂಪು ಬಣ್ಣದ 'ಜೆ' ಅಕ್ಷರದ ಮುದ್ರೆ ಒತ್ತಿದರು. ಪ್ರತಿಯೊಬ್ಬರೂ ಒಂದು ಪ್ರಶ್ನಾವಳಿ ತುಂಬಬೇಕಾಯಿತು. ಹೆಸರು, ಹುಟ್ಟಿದ ಊರು, ಉದ್ಯೋಗ, ಕುಟುಂಬ. ನೋಡಿದರೆ ಬರೀ ಒಂದು ಅರ್ಜಿ ನಮೂನೆ. ಜನ ತುಂಬಿಕೊಟ್ಟರು.

ಆ ವರ್ಷದ ಅಕ್ಟೋಬರ್ ನವೆಂಬರಿನಲ್ಲಿ ಬಂಧನ ಶುರುವಾದಾಗ ಪೊಲೀಸರ ಕೈಯಲ್ಲಿ ಪಟ್ಟಿ ಸಿದ್ಧವಾಗಿತ್ತು. ಬಾಗಿಲು ತಟ್ಟಿದ್ದು ನಾರ್ವೆಯ ಪೊಲೀಸರೇ. ಓಸ್ಲೋದಲ್ಲಿ ಟ್ಯಾಕ್ಸಿಗಳನ್ನು ತರಿಸಿ ಹೆಂಗಸರು ಮಕ್ಕಳನ್ನು ಬಂದರಿಗೆ ಕರೆದೊಯ್ದರು. ನವೆಂಬರ್ 26ರಂದು ಡೊನಾವ್ ಎಂಬ ಹಡಗು 530ರಷ್ಟು ಜನರನ್ನು ತುಂಬಿಕೊಂಡು ಹೊರಟಿತು. ಅವರನ್ನು ಕಳಿಸಿದ್ದು ನಾಜಿಗಳ ಹತ್ಯಾ ಶಿಬಿರವಾದ ಆಶ್ವಿಟ್ಸ್‌ಗೆ. ವಾಪಸ್ ಬಂದವರು ಬೆರಳೆಣಿಕೆಯಷ್ಟು. ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ನೆರೆಹೊರೆಯವರು, ಭೂಗತರು ಗಡಿ ದಾಟಿಸಿ ಸ್ವೀಡನ್ನಿಗೆ ಮುಟ್ಟಿಸಿದರು ಅನ್ನುವುದೂ ಅಷ್ಟೇ ನಿಜ. ಆದರೆ ಆ ಪಟ್ಟಿಯನ್ನು ಸಕಾಲಕ್ಕೆ ಯಾರೂ ಸುಡಲಿಲ್ಲ.

1944: ಮೂರು ವರ್ಷಗಳಲ್ಲಿ ಹುಟ್ಟಿದ ಹುಡುಗರು

ಈಗ ಮುಖ್ಯ ಭಾಗ. 1944ರ ಮೇ ತಿಂಗಳಲ್ಲಿ ಕ್ವಿಸ್ಲಿಂಗ್ ಸರ್ಕಾರ 1921, 1922, 1923ರಲ್ಲಿ ಹುಟ್ಟಿದ ಯುವಕರು ಕಡ್ಡಾಯ ದುಡಿಮೆಗೆ ಹೆಸರು ಕೊಡಬೇಕು ಅಂತ ಆದೇಶ ಹೊರಡಿಸಿತು. ದುಡಿಮೆ ಅನ್ನುವುದು ಹೊರಗಿನ ಮಾತು, ಕೊನೆಗೆ ಈ ಹುಡುಗರನ್ನು ಪೂರ್ವದ ರಣರಂಗಕ್ಕೆ, ಜರ್ಮನ್ನರ ಪರವಾಗಿ ಸಾಯಲು ಕಳಿಸುತ್ತಾರೆ ಅಂತ ಭೂಗತರಿಗೆ ಭಯವಿತ್ತು.

ಸಾವಿರಾರು ಹುಡುಗರನ್ನು ಕರೆಯಬೇಕಾದರೆ ಮೊದಲು ಏನು ಬೇಕು? ಯಾರು, ಯಾವ ವರ್ಷ ಹುಟ್ಟಿದವರು, ಎಲ್ಲಿದ್ದಾರೆ ಅನ್ನುವ ದಾಖಲೆ. ಹಾಗಾಗಿ ಓಸ್ಲೋ ಗ್ಯಾಂಗ್ ಕೈ ಹಾಕಿದ್ದು ದಾಖಲೆಗೇ. ದುಡಿಮೆ ಇಲಾಖೆಯ ಕಚೇರಿಗೆ ಬಾಂಬಿಟ್ಟರು. ಕಾರ್ಡುಗಳನ್ನು ವಿಂಗಡಿಸುವ ಪಂಚ್ ಕಾರ್ಡ್ ಯಂತ್ರಗಳನ್ನೂ ಹುಡುಕಿ ಹಾಳುಮಾಡಿದರು. ಈ ಯಂತ್ರದ ಬಗ್ಗೆ ಗೊತ್ತಿಲ್ಲದವರಿಗೆ: ಅದು ಕಂಪ್ಯೂಟರಿಗೆ ಮುಂಚಿನ ಕಾಲದ್ದು. ಒಬ್ಬೊಬ್ಬರಿಗೆ ಒಂದು ಗಟ್ಟಿ ಕಾಗದದ ಕಾರ್ಡು. ಹುಟ್ಟಿದ ವರ್ಷಕ್ಕೆ ಒಂದು ಜಾಗದಲ್ಲಿ ತೂತು, ಊರಿಗೆ ಇನ್ನೊಂದು ಜಾಗದಲ್ಲಿ ತೂತು. ಯಂತ್ರಕ್ಕೆ ಹಾಕಿದರೆ ತೂತು ನೋಡಿ ಬೇಕಾದ ಕಾರ್ಡುಗಳನ್ನು ಬೇರೆ ಮಾಡಿಕೊಡುತ್ತದೆ. ಹತ್ತು ಗುಮಾಸ್ತರು ವಾರಗಟ್ಟಲೆ ಮಾಡುವ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಯಂತ್ರ ಹೋದರೆ ಕಾರ್ಡಿನ ರಾಶಿ ಉಳಿದರೂ ಅದರಿಂದ ಹುಡುಗರನ್ನು ಹೆಕ್ಕುವುದು ಕಷ್ಟ.

ಹುಡುಗರು ಹೆಸರು ಕೊಡಲಿಲ್ಲ. ಸಾವಿರಾರು ಜನ ಕಾಡು ಸೇರಿದರು. ನಾರ್ವೆಯಲ್ಲಿ ಅವರನ್ನು ಈಗಲೂ "ಕಾಡಿನ ಹುಡುಗರು" ಅಂತಲೇ ಕರೆಯುತ್ತಾರೆ.

ಸರ್ಕಾರ ಆಗ ಬೇರೆ ದಾರಿ ಹಿಡಿಯಿತು. ಹೆಸರು ಕೊಡದವನಿಗೆ ರೇಷನ್ ಕಾರ್ಡು ಇಲ್ಲ! ಇದರ ಬಿಸಿ ಅರ್ಥವಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಅಜ್ಜಿ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಫೋಟೋದ ಹಿಂದೆ ಇಡುತ್ತಿದ್ದರು. ಒಂದು ಸಲ ಪಟ್ಟಿಯಲ್ಲಿ ಅವರ ಹೆಸರು ಬಿಟ್ಟುಹೋಗಿತ್ತು. ಮೂರು ತಿಂಗಳು ಅಲೆದರು. ಕೌಂಟರಿನ ಹಿಂದೆ ಕೂತವರು ತಲೆಯೆತ್ತದೆ "ಹೆಸರಿಲ್ಲಮ್ಮ" ಅಂದಾಗ ಅಜ್ಜಿಯ ಮುಖ ಹೇಗಾಯಿತು ಅಂತ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ನಮ್ಮದು ಶಾಂತಿ ಕಾಲದ ಒಂದು ತಪ್ಪು, ಸರಿಯಾಯಿತು. ಅಲ್ಲಿ ಯುದ್ಧಕಾಲ. ಬ್ರೆಡ್ಡು, ಬೆಣ್ಣೆ, ಸಕ್ಕರೆ ಎಲ್ಲ ಕಾರ್ಡಿನ ಮೇಲೆಯೇ. ಕಾಡಿನಲ್ಲಿರುವ ಮಗನಿಗೆ ಕಾರ್ಡಿಲ್ಲ ಅಂದರೆ ಮನೆಯವರು ತಮ್ಮ ಪಾಲಿನಲ್ಲೇ ಅವನಿಗೂ ಹಂಚಬೇಕು. ಹಸಿವು ತಾಳಲಾರದೆ ಅವನೇ ಹೊರಗೆ ಬರುತ್ತಾನೆ ಅನ್ನುವುದು ಸರ್ಕಾರದ ಲೆಕ್ಕ.

ಸೋನ್‌ಸ್ಟೆಬಿ ಗುಂಪು ರೇಷನ್ ಕಾರ್ಡು ಸಾಗಿಸುತ್ತಿದ್ದ ವಾಹನವನ್ನು ಹಾಡಹಗಲೇ ತಡೆದು 75,000 ಕಾರ್ಡುಗಳನ್ನು ಹೊತ್ತುಕೊಂಡು ಹೋಯಿತು. ಅಷ್ಟು ಕಾರ್ಡು ಭೂಗತರ ಕೈ ಸೇರಿದ ಮೇಲೆ ಬೆದರಿಕೆಗೆ ಬಲವೇ ಉಳಿಯಲಿಲ್ಲ. ರೇಷನ್ ಕಡಿತದ ಯೋಜನೆಯನ್ನು ಅಧಿಕಾರಿಗಳು ಕೈಬಿಟ್ಟರು.

ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಕೋರ್ಸ್‌ವೋಲ್‌ನಲ್ಲಿ ರಿಪೇರಿಗೆ ಇಟ್ಟಿದ್ದ 40ಕ್ಕೂ ಹೆಚ್ಚು ವಿಮಾನಗಳು ನಾಶವಾದವು ಇಲ್ಲವೇ ಹಾಳಾದವು. ಲಿಸಾಕರ್‌ನ ಗಂಧಕಾಮ್ಲ ಕಾರ್ಖಾನೆ ಸ್ಫೋಟಗೊಂಡಿತು. ಕೋಂಗ್ಸ್‌ಬೆರ್ಗ್ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಫಿರಂಗಿಗಳು ಮತ್ತು ಒಂದು ಮುಖ್ಯ ಯಂತ್ರ ಹೋದವು. ಓಸ್ಲೋ ಬಂದರಿನ ತೈಲ ಸಂಗ್ರಹಾಗಾರಕ್ಕೆ ಬೆಂಕಿ ಬಿತ್ತು. ಯುದ್ಧದ ಕೊನೆಯ ದಿನಗಳಲ್ಲಿ ಮತ್ತೆ ಕಾಗದ. ಸೋಲು ಖಚಿತ ಅಂತ ಗೊತ್ತಾದಾಗ ಆಳುವವರು ತಮ್ಮ ಕಡತಗಳನ್ನು ಸುಡುತ್ತಾರೆ ಅಲ್ವಾ? ಅದಕ್ಕೆ ಮುಂಚೆಯೇ ಗುಂಪು ನ್ಯಾಯ ಮತ್ತು ಪೊಲೀಸ್ ಇಲಾಖೆಯ ರಾಶಿ ರಾಶಿ ದಾಖಲೆಗಳನ್ನು ಹೊತ್ತು ತಂದಿತು. ಹಿಂದಿನ ವರ್ಷ ದಾಖಲೆ ನಾಶಮಾಡಿದವರೇ ಈಗ ದಾಖಲೆ ಉಳಿಸಿದರು. ಮೊದಲನೆಯದು ಹುಡುಗರನ್ನು ಹಿಡಿಯುವ ಪಟ್ಟಿ, ಎರಡನೆಯದು ತಪ್ಪು ಮಾಡಿದವರನ್ನು ಹಿಡಿಯಲು ಬೇಕಾದ ಸಾಕ್ಷಿ.

ಸುಲಭವಲ್ಲದ ಭಾಗ

ಓಸ್ಲೋ ಗ್ಯಾಂಗ್ ಜನರನ್ನು ಕೊಂದಿದೆ. ಭೂಗತರ ಬಗ್ಗೆ ಗೆಸ್ಟಾಪೊಗೆ ಸುಳಿವು ಕೊಡುತ್ತಿದ್ದ ನಾರ್ವೆಯವರೇ ಆದ ಮಾಹಿತಿದಾರರು ಅವರ ಗುರಿಯಾಗಿದ್ದರು. ಇದನ್ನು ಬಿಟ್ಟು ಟಿಪ್ಪಣಿ ಬರೆದರೆ ಅದು ಅಪ್ರಾಮಾಣಿಕ. ಒಬ್ಬ ಮಾಹಿತಿದಾರ ಉಳಿದರೆ ಹತ್ತಾರು ಮನೆಗಳ ಬಾಗಿಲು ತಟ್ಟುತ್ತಾರೆ ಅನ್ನುವುದು ಒಂದು ಕಡೆ. ಕೋರ್ಟು ವಿಚಾರಣೆ ಇಲ್ಲದ ಸಾವು ಅನ್ನುವುದು ಇನ್ನೊಂದು ಕಡೆ. ಸೋನ್‌ಸ್ಟೆಬಿ ಇದು ಬೇಕಾಗಿತ್ತು ಅಂತಲೇ ಕೊನೆಯವರೆಗೂ ನಂಬಿದ್ದರು, ಆದರೆ ಒಂದೊಂದು ಪ್ರಕರಣದ ವಿವರಕ್ಕೆ ಇಳಿಯಲು ಇಷ್ಟಪಡುತ್ತಿರಲಿಲ್ಲ. ನನ್ನ ಮಟ್ಟಿಗೆ, ಆ ಕಾಲದಲ್ಲಿ ಅವರ ಜಾಗದಲ್ಲಿದ್ದು ಬೇರೆ ದಾರಿ ತೋರಿಸಿ ಅಂದರೆ ನನಗೆ ತೋರಿಸಲಾಗುವುದಿಲ್ಲ. ಹಾಗಂತ ಮನಸ್ಸು ನಿರಾಳವೂ ಆಗುವುದಿಲ್ಲ.

ಅವರ ಕಡೆಯವರೂ ಸತ್ತರು. 1944ರ ನವೆಂಬರ್ 13ರಂದು ಗ್ರೆಗರ್ಸ್ ಗ್ರಾಮ್ ಮತ್ತು ಎಡ್ವರ್ಡ್ ಟಾಲಕ್ಸೆನ್ ಓಸ್ಲೋದ ಒಂದು ಕೆಫೆಗೆ ಹೋದರು. ಸೇನೆ ಬಿಟ್ಟು ಓಡಿಬಂದ ಜರ್ಮನ್ ಸೈನಿಕರನ್ನು ಭೇಟಿಯಾಗುತ್ತೇವೆ ಅಂದುಕೊಂಡಿದ್ದರು. ಅದು ಬಲೆ. ಗ್ರಾಮ್ ಅಲ್ಲೇ ಗುಂಡಿಗೆ ಬಲಿಯಾದರು, 26 ವರ್ಷ. ಗಾಯಗೊಂಡ ಟಾಲಕ್ಸೆನ್ ಸಿಕ್ಕಿಬಿದ್ದರು. ಬಾಯಿಬಿಡಿಸುತ್ತಾರೆ ಅನ್ನುವ ಭಯಕ್ಕೆ ಸೆರೆಯಲ್ಲೇ ಜೀವ ಕಳೆದುಕೊಂಡರು.

ಯುದ್ಧ ಮುಗಿದ ಮೇಲೆ

1945ರ ಮೇ 8ರಂದು ನಾರ್ವೆ ಬಿಡುಗಡೆಯಾಯಿತು. ಜೂನ್ 7ರಂದು, ದೇಶ ಬಿಟ್ಟು ಸರಿಯಾಗಿ ಐದು ವರ್ಷಕ್ಕೆ, ರಾಜ ಹೋಕನ್ ವಾಪಸ್ ಬಂದರು. ಸೋನ್‌ಸ್ಟೆಬಿಗೆ 1946ರಲ್ಲಿ ಮೂರು ಕತ್ತಿಗಳ ಚಿಹ್ನೆ ಇರುವ ಯುದ್ಧ ಶಿಲುಬೆ ಕೊಟ್ಟರು. ಮೂರು ಕತ್ತಿಯ ಆ ಗೌರವ ಸಿಕ್ಕಿದ್ದು ಅವರೊಬ್ಬರಿಗೆ ಮಾತ್ರ. ಬ್ರಿಟನ್, ಅಮೆರಿಕ ಕೂಡ ಪದಕ ಕೊಟ್ಟವು.

ಅದರ ಜೊತೆಗೆ ಕೆಲಸದ ಕರೆಯೂ ಬಂತು. ಬ್ರಿಟಿಷ್ ಗುಪ್ತಚರ ಇಲಾಖೆಗೆ ಇಂಥ ಮನುಷ್ಯ ಬೇಕಿತ್ತು. ಶೀತಲ ಸಮರ ಶುರುವಾಗುವ ಹೊತ್ತು. ಸೋನ್‌ಸ್ಟೆಬಿ ಒಲ್ಲೆ ಅಂದರು. ಯುದ್ಧ ಸಾಕಾಗಿತ್ತು, ಐದು ವರ್ಷ ಕಳೆದುಕೊಂಡಿದ್ದೇನೆ ಅನ್ನುವ ಅರ್ಥದಲ್ಲಿ ಕಾರಣ ಹೇಳಿದ್ದರು. ಈ ಮಾತು ಮೊದಲು ಓದಿದಾಗ ನನಗೆ ಆಶ್ಚರ್ಯ ಆಗಿತ್ತು. ಆ ಐದು ವರ್ಷಗಳನ್ನು ನಾವು ಅವರ ಸಾಧನೆ ಅಂತ ಓದುತ್ತೇವೆ. ಅವರು ಅವನ್ನು ಕಳೆದುಹೋದ ವರ್ಷಗಳ ಲೆಕ್ಕಕ್ಕೆ ಹಾಕಿದ್ದರು. 22ರಿಂದ 27. ನಮ್ಮ ಗುಂಪಿನಲ್ಲಿ ಹೆಚ್ಚಿನವರ ವಯಸ್ಸು ಅದೇ. ಓದು, ಮೊದಲ ಕೆಲಸ, ಗೆಳೆತನ, ಮದುವೆ ಮಾತು ಎಲ್ಲ ನಡೆಯುವ ವಯಸ್ಸು. ಅವರು ಅದನ್ನು ಬೇರೆಯವರ ಹೆಸರಿನಲ್ಲಿ, ಬಾಡಿಗೆ ಕೋಣೆಗಳಲ್ಲಿ ಕಳೆದಿದ್ದರು.

ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಸೇರಿದರು. ಆಮೇಲೆ ತೈಲ ಉದ್ಯಮದಲ್ಲಿ ಕೆಲಸ. ಬಂದರಿನಲ್ಲಿ ತೈಲದ ಸಂಗ್ರಹ ಸುಟ್ಟ ಗುಂಪಿನ ನಾಯಕ ಈಗ ತೈಲ ಮಾರುವ ಜನರ ನಡುವೆ ಕೂತಿದ್ದರು. 1949ರಲ್ಲಿ ನಾರ್ವೆಗೆ ಮರಳಿ ಖಾಸಗಿ ಉದ್ಯಮದಲ್ಲೇ ಮುಂದುವರಿದರು.

ಪರೀಕ್ಷೆಗೆ ಓದುವವರು ಈ ಭಾಗವನ್ನು ಒಂದೇ ಸಾಲಲ್ಲಿ ಬರೆದು ಬಿಡುತ್ತಾರೆ. ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅವರು ಭೂಗತರಾಗಿ ಮಾಡಿದ ಕೆಲಸವನ್ನು ಇನ್ನೊಮ್ಮೆ ನೋಡಿ. ಯಾವ ಸರಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಯಂತ್ರ ನಿಂತರೆ ಇಡೀ ಕಾರ್ಖಾನೆ ನಿಲ್ಲುತ್ತದೆ, ಯಾರ ಮೇಲೆ ಯಾವ ಕೆಲಸಕ್ಕೆ ಭರವಸೆ ಇಡಬಹುದು, ಯಾವ ಕಾಗದದ ಮೇಲೆ ಯಾವ ಕಚೇರಿ ನಡೆಯುತ್ತದೆ. ಕಂಪನಿ ನಡೆಸುವವರಿಗೆ ಬೇಕಾದದ್ದೂ ಇದೇ ತಿಳಿವಳಿಕೆ. ಯುದ್ಧದಲ್ಲಿ ಅದನ್ನು ನಿಲ್ಲಿಸೋಕೆ ಬಳಸಿದರು, ಆಮೇಲೆ ನಡೆಸೋಕೆ.

ಹೋಲಿಕೆಗೆ ಅವರ ಗೆಳೆಯ ಮಾಕ್ಸ್ ಮಾನುಸ್ ಅವರನ್ನು ನೋಡಿ. 1914ರಲ್ಲಿ ಬೆರ್ಗೆನ್‌ನಲ್ಲಿ ಹುಟ್ಟಿದವರು. 1941ರಲ್ಲಿ ಗೆಸ್ಟಾಪೊ ಹಿಡಿಯಲು ಬಂದಾಗ ಕಿಟಕಿಯಿಂದ ಹಾರಿ ಪೆಟ್ಟು ಮಾಡಿಕೊಂಡರು. ಆಸ್ಪತ್ರೆಯ ಕಾವಲಿನಿಂದ, ಅಲ್ಲಿನವರ ನೆರವಿನಿಂದಲೇ, ಹಗ್ಗ ಹಿಡಿದು ಇಳಿದು ತಪ್ಪಿಸಿಕೊಂಡರು. ಸುತ್ತುಬಳಸಿ ಬ್ರಿಟನ್ ಸೇರಿ ಕೊಂಪನಿ ಲಿಂಗೆ ಸೈನಿಕರಾದರು. 1945ರ ಜನವರಿ 16ರಂದು ಅವರು ರಾಯ್ ನೀಲ್ಸನ್ ಜೊತೆ ರಬ್ಬರ್ ದೋಣಿಯಲ್ಲಿ ಹೋಗಿ ಒಂದು ಹಡಗಿನ ಹೊಟ್ಟೆಗೆ ಸ್ಫೋಟಕ ಅಂಟಿಸಿದರು. ಹಡಗಿನ ಹೆಸರು ಡೊನಾವ್. 1942ರ ನವೆಂಬರಿನಲ್ಲಿ ಆ ಯಹೂದಿಗಳನ್ನು ತುಂಬಿಕೊಂಡು ಹೋದದ್ದು ಇದೇ ಹಡಗು.

ಯುದ್ಧದ ನಂತರ ಮಾನುಸ್ ಪಾಲುದಾರರೊಬ್ಬರ ಜೊತೆ ಕಚೇರಿ ಯಂತ್ರಗಳ ವ್ಯಾಪಾರ ಶುರುಮಾಡಿದರು, ಆಮೇಲೆ ತಮ್ಮದೇ ಹೆಸರಿನ ಕಂಪನಿ ಕಟ್ಟಿದರು. ಅದು ಮುಂದೆ ಮಾತನ್ನು ದಾಖಲಿಸುವ ಯಂತ್ರಗಳು, ಅಲ್ಲಿಂದ ಮಾತನ್ನು ಬರಹಕ್ಕೆ ಇಳಿಸುವ ತಂತ್ರಜ್ಞಾನದ ಕಡೆ ಬೆಳೆಯಿತು. ವ್ಯಾಪಾರ ಗೆದ್ದಿತು, ಆದರೆ ರಾತ್ರಿಗಳು ಗೆಲ್ಲಲಿಲ್ಲ. ಯುದ್ಧದ ದುಃಸ್ವಪ್ನಗಳು, ಕುಡಿತ ಎರಡೂ ಅವರನ್ನು ಕಾಡಿದವು. ಕೊನೆಯ ವರ್ಷಗಳಲ್ಲಿ ಹೆಂಡತಿಯ ಜೊತೆ ಸ್ಪೇನಿನಲ್ಲಿದ್ದರು, 1996ರಲ್ಲಿ ತೀರಿಕೊಂಡರು. ಆದ್ದರಿಂದ "ಯುದ್ಧ ಮುಗಿಸಿ ಉದ್ಯಮಿಯಾದರು" ಅನ್ನುವ ಸಾಲು ಬರೆಯುವಾಗ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿ. ಒಂದೇ ಗುಂಪು, ಒಂದೇ ಯುದ್ಧ. ಮನೆಗೆ ಹೊತ್ತುಕೊಂಡು ಹೋದ ಭಾರ ಬೇರೆ ಬೇರೆ.

ಸೋನ್‌ಸ್ಟೆಬಿ ವಯಸ್ಸಾದ ಮೇಲೆ ಶಾಲೆ ಶಾಲೆಗೆ ಹೋಗಿ ಮಾತಾಡಿದರು. 2007ರ ಮೇ 13ರಂದು ಓಸ್ಲೋದ ಸೊಲ್ಲಿ ಚೌಕದಲ್ಲಿ ಸೋನ್‌ಸ್ಟೆಬಿಯವರ ಪ್ರತಿಮೆಯನ್ನು ರಾಜ ಹರಾಲ್ಡ್ ಅನಾವರಣ ಮಾಡಿದರು. ಮಾಡಿದ ಶಿಲ್ಪಿ ಪೆರ್ ಉಂಗ್. 25 ವರ್ಷದ ಯುವಕನೊಬ್ಬ ಸೈಕಲ್ಲಿನ ಪಕ್ಕ ನಿಂತಿದ್ದಾನೆ, ಹತ್ತಿರದಲ್ಲೇ ಟ್ರಾಮುಗಳು ಹಾದುಹೋಗುತ್ತವೆ. 2012ರ ಮೇ 10ರಂದು, ಬಿಡುಗಡೆಯ ದಿನ ಕಳೆದು ಎರಡು ದಿನಕ್ಕೆ, 94ನೇ ವಯಸ್ಸಿನಲ್ಲಿ ಅವರು ಓಸ್ಲೋದಲ್ಲಿ ತೀರಿಕೊಂಡರು.

ಮುಂದಿನ ವಾರ ವೆಮೋರ್ಕ್ ಮತ್ತು ಭಾರಜಲದ ಕತೆ ಓದೋಣ. ಬರುವಾಗ ನಾರ್ವೆಯ ನಕ್ಷೆ ತನ್ನಿ. ರ್ಯೂಕಾನ್ ಕಣಿವೆ, ಟಿನ್ ಸರೋವರ ಎರಡನ್ನೂ ಗುರುತು ಮಾಡಿಕೊಂಡು ಬಂದರೆ ಕೆಲಸ ಅರ್ಧ ಮುಗಿದಂತೆ.